ನಕ್ಷೆಯ ದೂರ, ಟಿಕೆಟ್ಟಿನ ಹೊತ್ತು

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಪ್ರಯಾಣದ ಹೊತ್ತಿನ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದ ದೂರ ಒಂದು ಕಡೆ 297 ಕಿ.ಮೀ. ಎಂದಿದೆ, ಇನ್ನೊಂದು ಕಡೆ 306. ಪ್ರಯಾಣದ ಸಮಯ ಒಬ್ಬರ ಪ್ರಕಾರ 23 ನಿಮಿಷ, ಟಿಕೆಟ್ಟಿನಲ್ಲಿ ಒಂದು ಗಂಟೆ ಐದು ನಿಮಿಷ. ಯಾವುದನ್ನು ನಂಬಬೇಕು? (ಪುತ್ತೂರು)

ದೂರಕ್ಕೆ 306, ಸಮಯಕ್ಕೆ ಟಿಕೆಟ್ಟು. ಆದರೆ ಉಳಿದ ಅಂಕಿಗಳು ಎಲ್ಲಿಂದ ಬಂದವು ಎಂದು ತಿಳಿದರೆ ಮುಂದೆ ಯಾವ ಊರಿನ ಲೆಕ್ಕವನ್ನೂ ನೀವೇ ಹಾಕಿಕೊಳ್ಳಬಹುದು.

297 ಎಂಬುದು ಊರಿನಿಂದ ಊರಿಗೆ ಗೆರೆ ಎಳೆದು ಅಳೆದದ್ದು. ನಕ್ಷೆಗಳಲ್ಲಿ ಬೆಂಗಳೂರು ಎಂದರೆ ನಗರದ ನಡುಮಧ್ಯದ ಒಂದು ಚುಕ್ಕಿ. ವಿಮಾನ ಹತ್ತುವುದು ಅಲ್ಲಿಂದಲ್ಲ, ಈಶಾನ್ಯಕ್ಕೆ ದೂರ ಇರುವ ದೇವನಹಳ್ಳಿಯಿಂದ. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣ ಬಿಟ್ಟು ಅಲ್ಲಿಗೆ ಹೋದವು. ಆದ್ದರಿಂದ ಅಳೆಯುವಾಗ ನಿಲ್ದಾಣದ ಅಕ್ಷಾಂಶ ರೇಖಾಂಶವನ್ನೇ ಹಿಡಿಯಬೇಕು, ಊರಿನದ್ದನ್ನಲ್ಲ.

ಲೆಕ್ಕ ಹೀಗೆ. ಕೆಂಪೇಗೌಡ ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಡಿಗ್ರಿ ಪೂರ್ವ. ಮಂಗಳೂರಿನ ನಿಲ್ದಾಣ ಇರುವ ಬಜಪೆ 12.96 ಉತ್ತರ, 74.89 ಪೂರ್ವ. ಅಕ್ಷಾಂಶದ ವ್ಯತ್ಯಾಸ 0.24. ನಮ್ಮ ಕಡೆ ಒಂದು ಡಿಗ್ರಿ ಅಕ್ಷಾಂಶ ಅಂದರೆ 110.6 ಕಿ.ಮೀ., ಹಾಗಾಗಿ ಅದು ಸುಮಾರು 26.5 ಕಿ.ಮೀ. ಆಯಿತು. ರೇಖಾಂಶದ ವ್ಯತ್ಯಾಸ 2.82. ರೇಖಾಂಶದ ಡಿಗ್ರಿ ಸಮಭಾಜಕ ವೃತ್ತದ ಮೇಲೆ 111.3 ಕಿ.ಮೀ., ಉತ್ತರಕ್ಕೆ ಹೋದಷ್ಟೂ ಕಿರಿದಾಗುತ್ತದೆ. 13 ಡಿಗ್ರಿಯಲ್ಲಿ 108.4, ಬೀದರ್ ಕಡೆ 106ರ ಹತ್ತಿರ. ಇಲ್ಲಿ 108.4ರಿಂದ ಗುಣಿಸಿದರೆ 305.7. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 307. ದಶಮಾಂಶವನ್ನು ನಾಲ್ಕು ಸ್ಥಾನಕ್ಕೆ ಹಿಡಿದರೆ 306 ಮತ್ತು 307ರ ನಡುವೆ ನಿಲ್ಲುತ್ತದೆ. ಸಾವಿರ ಕಿ.ಮೀ. ಒಳಗಿನ ದೂರಕ್ಕೆ ಹೈಸ್ಕೂಲಿನ ಈ ಪೈಥಾಗೊರಸ್ ಸಾಕು. ಅದಕ್ಕೂ ದೂರವಾದರೆ ಭೂಮಿಯ ಗುಂಡಗಿನ ಆಕಾರವನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರ ಬೇಕು.

ಹೆಚ್ಚಿನವರು ಎಡವುವುದು ಒಂದೇ ಕಡೆ. 13 ಡಿಗ್ರಿ 12 ನಿಮಿಷ ಎಂದು ಬರೆದಿದ್ದನ್ನು 13.12 ಎಂದು ಓದುತ್ತಾರೆ. 12 ನಿಮಿಷ ಎಂದರೆ 60ರಲ್ಲಿ 12 ಪಾಲು, ಅಂದರೆ 13.20. ಈ ಒಂದು ತಪ್ಪಿಗೆ ಸುಮಾರು 9 ಕಿ.ಮೀ. ಏರುಪೇರಾಗುತ್ತದೆ.

ಈಗ 23 ನಿಮಿಷದ ವಿಷಯ. ಅದು 306ನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದ ಫಲ. ಭಾಗಾಕಾರ ಸರಿ, ಆದರೆ ಈ ದಾರಿಯಲ್ಲಿ ವಿಮಾನ 800 ಕಿ.ಮೀ. ವೇಗದಲ್ಲಿ ಹಾರುವ ಹೊತ್ತು ತೀರಾ ಸ್ವಲ್ಪ. ಇಳಿಯುವ ವಿಮಾನಕ್ಕೆ ಪೈಲಟ್‌ಗಳ ಒಂದು ಬಾಯಿಲೆಕ್ಕ ಇದೆ: ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ 1.852 ಕಿ.ಮೀ.). 27,000 ಅಡಿಯಲ್ಲಿ ಹಾರುತ್ತಿದ್ದರೆ ಸುಮಾರು 81 ನಾಟಿಕಲ್ ಮೈಲಿ, ಅಂದರೆ 150 ಕಿ.ಮೀ. ಮುಂಚೆಯೇ ಇಳಿಯಲು ಶುರು ಮಾಡಬೇಕು. ಮೇಲೇರಲು ಇನ್ನೊಂದು 120-130 ಕಿ.ಮೀ. ಬೇಕು. ಇವೆರಡನ್ನು ಕಳೆದರೆ ಸಮತಟ್ಟಾಗಿ ಹಾರುವ ಭಾಗ 30 ಕಿ.ಮೀ. ಉಳಿದರೆ ದೊಡ್ಡದು. ಅದರ ಮೇಲೆ 10,000 ಅಡಿಯ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ದಾಟಬಾರದೆಂಬ ಸಾಮಾನ್ಯ ಮಿತಿ ಇದೆ. ಹೀಗಾಗಿ ಗಾಳಿಯಲ್ಲಿರುವ ಹೊತ್ತೇ 40ರಿಂದ 45 ನಿಮಿಷ.

ದಾರಿಯೂ ನೇರ ಗೆರೆಯಲ್ಲ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ, ವಿಮಾನ ಏರುವುದು ಗಾಳಿಗೆ ಎದುರಾಗಿ. ಮಳೆಗಾಲದಲ್ಲಿ ಪಡುವಣ ಗಾಳಿ, ಹಾಗಾಗಿ ಮಂಗಳೂರಿನ ದಿಕ್ಕಿಗೇ ಏರುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ. ಆಗ ಕೋಲಾರದ ಕಡೆ ಮುಖ ಮಾಡಿ ಏರಿ, ತಿರುಗಿ ಬರಬೇಕು. ಮಂಗಳೂರಿನಲ್ಲೂ ಅದೇ ಕತೆ. ಬಜಪೆಯದು ಗುಡ್ಡದ ತಲೆಯ ಮೇಲಿನ 2,450 ಮೀಟರಿನ ರನ್‌ವೇ. ಘಟ್ಟದ ಕಡೆಯ ತುದಿಯಿಂದ ಇಳಿಯಲು ಅನುಮತಿ ಸಿಕ್ಕರೆ ಬೆಂಗಳೂರಿನಿಂದ ಬಂದ ವಿಮಾನಕ್ಕೆ ಹೆಚ್ಚು ಸುತ್ತಿಲ್ಲ. ಇನ್ನೊಂದು ತುದಿಯಾದರೆ ಕಡಲ ಕಡೆಗೆ ಹೋಗಿ ತಿರುಗಿ ಬರಬೇಕು. ಜೂನ್-ಜುಲೈನಲ್ಲಿ ಮೋಡ ಗುಡ್ಡಕ್ಕೆ ಇಳಿದರೆ ಮೇಲೆಯೇ ಸುತ್ತು ಹೊಡೆಸುತ್ತಾರೆ. ಮೋಡ ಬಿಡದಿದ್ದರೆ ಕಣ್ಣೂರು, ಕೊಚ್ಚಿ ಅಥವಾ ವಾಪಸು ಬೆಂಗಳೂರು.

ಟಿಕೆಟ್ಟಿನ ಒಂದು ಗಂಟೆ ಐದು ನಿಮಿಷವೂ ಹಾರಾಟದ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಅಲ್ಲಾಡಿದ ಕ್ಷಣದಿಂದ, ಅಲ್ಲಿ ಹೋಗಿ ನಿಂತು ಚಕ್ರಕ್ಕೆ ಅಡ್ಡಗಟ್ಟೆ ಇಡುವ ತನಕದ್ದು. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ರನ್‌ವೇ ತನಕ ಉರುಳುವುದಕ್ಕೇ 15-20 ನಿಮಿಷ ಹಿಡಿಯುತ್ತದೆ. ಬಜಪೆ ಚಿಕ್ಕದು, ಇಳಿದ ಮೇಲೆ ಐದು ನಿಮಿಷ.

ಮನೆಯಲ್ಲಿ ಕೂತು ಅಂದಾಜು ಮಾಡಲು ಒಂದು ಸೂತ್ರ: ಜೆಟ್ ವಿಮಾನವಾದರೆ ದೂರವನ್ನು 800ರಿಂದ ಭಾಗಿಸಿ, 40 ನಿಮಿಷ ಕೂಡಿಸಿ. ಪ್ರೊಪೆಲ್ಲರ್ ಇರುವ ಎಟಿಆರ್ ಆದರೆ 450ರಿಂದ ಭಾಗಿಸಿ, 30 ನಿಮಿಷ ಕೂಡಿಸಿ. ಮಂಗಳೂರಿಗೆ ಜೆಟ್‌ನಲ್ಲಿ 63 ನಿಮಿಷ ಬರುತ್ತದೆ, ಎಟಿಆರ್‌ನಲ್ಲಿ 71. ದೆಹಲಿಗೆ 1,700 ಕಿ.ಮೀ., 2 ಗಂಟೆ 47 ನಿಮಿಷ. ಮುಂಬೈಗೆ 832 ಕಿ.ಮೀ., 1 ಗಂಟೆ 42 ನಿಮಿಷ ಬರುತ್ತದೆ. ಆದರೆ ಮುಂಬೈಗೆ ಇನ್ನೊಂದು ಹತ್ತು ನಿಮಿಷ ಸೇರಿಸಿಕೊಳ್ಳಿ. ಅಲ್ಲಿನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಒಮ್ಮೆಗೆ ಒಂದನ್ನೇ ಬಳಸಬೇಕು, ಸಾಲು ಕರಗುವುದಿಲ್ಲ.

ಪ್ರಶ್ನೆ: "ಇಪ್ಪತ್ತು ನಿಮಿಷ ಮುಂಚೆಯೇ ತಲುಪಿದ್ದೇವೆ" ಎಂದು ವಿಮಾನದಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅಷ್ಟು ಜೋರಾಗಿ ಓಡಿಸಿದರೇ? (ಉಡುಪಿ)

ಇಲ್ಲ. ವೇಳಾಪಟ್ಟಿಯಲ್ಲೇ ಮೊದಲು ಸೇರಿಸಿಟ್ಟ ನಿಮಿಷಗಳು ಆ ದಿನ ಖರ್ಚಾಗಲಿಲ್ಲ, ಅಷ್ಟೆ. ನಿಗದಿಯಾದ ಹೊತ್ತಿನಿಂದ 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಸರಿಯಾಗಿ ಬಂದಂತೆ ಎಂಬುದು ಸಮಯಪಾಲನೆಯ ಅಳತೆ. ಆದ್ದರಿಂದ ಉರುಳುವ, ಸುತ್ತುವ, ಕಾಯುವ ಹೊತ್ತನ್ನೆಲ್ಲ ಧಾರಾಳವಾಗಿಯೇ ಬರೆದಿಟ್ಟುಕೊಳ್ಳುತ್ತಾರೆ. ಜೋರಾಗಿ ಓಡಿಸಿದರೆ ಇಂಧನ ಸುಡುತ್ತದೆ, ಉಳಿಯುವುದು ನಾಲ್ಕೈದು ನಿಮಿಷ.

ಪ್ರಶ್ನೆ: ಮಂಗಳೂರಿನಿಂದ ದುಬೈಗೆ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ಭೂಮಿ ತಿರುಗುವುದರಿಂದ ಹೀಗೆ ಎಂದು ಒಬ್ಬರು ಹೇಳಿದರು. ನಿಜವೇ? (ಭಟ್ಕಳ)

ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ, ಅದರೊಳಗಿನ ವಿಮಾನವೂ ತಿರುಗುತ್ತದೆ. ಹಾಗಿಲ್ಲದಿದ್ದರೆ ಮಂಗಳೂರಿನ ಮೇಲೆ ಹೆಲಿಕಾಪ್ಟರ್ ಹಾರಿಸಿ ಸುಮ್ಮನೆ ನಿಲ್ಲಿಸಿದರೆ ಸುಮಾರು ಒಂದೂಕಾಲು ಗಂಟೆಯಲ್ಲಿ ದುಬೈಯ ರೇಖಾಂಶ ಅದರ ಕೆಳಗೆ ಬಂದುಬಿಡಬೇಕಿತ್ತು! ಕಾರಣ ಎತ್ತರದ ಗಾಳಿ.

ಚಳಿಗಾಲದಲ್ಲಿ ಉತ್ತರ ಭಾರತ ಮತ್ತು ಅರಬ್ಬಿ ಸಮುದ್ರದ ಉತ್ತರ ಭಾಗದ ಮೇಲೆ 10-12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆ ಹರಿಯುತ್ತದೆ, ಅದೇ ಜೆಟ್ ಸ್ಟ್ರೀಮ್. ದುಬೈಗೆ ಹೋಗುವ ವಿಮಾನ ಅದಕ್ಕೆ ಎದುರೀಜು ಹೊಡೆಯಬೇಕು. ಬರುವುದಕ್ಕೆ ಅದೇ ತಳ್ಳಿಕೊಡುತ್ತದೆ.

ಮಂಗಳೂರು-ದುಬೈ ನೇರ ದೂರ ಸುಮಾರು 2,460 ಕಿ.ಮೀ. ಗಾಳಿಯೊಳಗೆ ವಿಮಾನದ ವೇಗ ಗಂಟೆಗೆ 830 ಎಂದಿಟ್ಟುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ 770, 3 ಗಂಟೆ 12 ನಿಮಿಷ. ಅದೇ ಗಾಳಿ ಬೆನ್ನಿಗಿದ್ದರೆ 890, 2 ಗಂಟೆ 46 ನಿಮಿಷ. ವ್ಯತ್ಯಾಸ 26 ನಿಮಿಷ. ಏರುವ, ಇಳಿಯುವ, ಉರುಳುವ ಹೊತ್ತು ಎರಡೂ ಕಡೆಗೆ ಮೇಲಿಂದ ಸೇರುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕ ಅಡಿಮೇಲಾಗುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ದಕ್ಷಿಣ ಭಾರತದ ಮೇಲೆ ನೆಲಮಟ್ಟದಲ್ಲಿ ಪಶ್ಚಿಮದ ಗಾಳಿ ಬೀಸಿದರೂ 12 ಕಿ.ಮೀ.ಗಿಂತ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬಲವಾಗಿ ಹರಿಯುತ್ತದೆ. ಆಗ ಹೋಗುವ ವಿಮಾನಕ್ಕೂ ಸ್ವಲ್ಪ ದೂರ ಬೆನ್ನುಗಾಳಿ ಸಿಗುತ್ತದೆ. ಜನವರಿಯ ಟಿಕೆಟ್ಟು ನೋಡಿ ಆಗಸ್ಟಿನ ಹೊತ್ತನ್ನು ಊಹಿಸಬೇಡಿ.

ಟಿಕೆಟ್ಟಿನಲ್ಲಿ ಎರಡೂ ಕಡೆ ಆಯಾ ಊರಿನ ಸಮಯ ಇರುವುದನ್ನು ಮರೆಯಬೇಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೊರಟ ಹೊತ್ತು ಮತ್ತು ತಲುಪಿದ ಹೊತ್ತಿನ ವ್ಯತ್ಯಾಸಕ್ಕೆ ಹೋಗುವಾಗ ಒಂದೂವರೆ ಗಂಟೆ ಕೂಡಿಸಿ, ಬರುವಾಗ ಕಳೆಯಿರಿ. ಇದನ್ನು ಬಿಟ್ಟರೆ ಹೋಗಲು ಎರಡೂಕಾಲು ಗಂಟೆ, ಬರಲು ಐದು ಗಂಟೆ ಎಂಬ ವಿಚಿತ್ರ ಉತ್ತರ ಬರುತ್ತದೆ. ಗಾಳಿಯ ಮೇಲೆ ಹೊರಿಸುವ ಆರೋಪದಲ್ಲಿ ಅರ್ಧಕ್ಕೂ ಹೆಚ್ಚು ಈ ತಪ್ಪಿನದ್ದೇ.

ಪ್ರಶ್ನೆ: ಮಗಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಾಳೆ. ನಕ್ಷೆಯಲ್ಲಿ ನೋಡಿದರೆ ಪಶ್ಚಿಮಕ್ಕೆ ಯುರೋಪು ದಾಟಿ ಹೋಗಬೇಕು, ಅಥವಾ ಪೂರ್ವಕ್ಕೆ ಜಪಾನ್ ದಾಟಿ. ಬೆಂಗಳೂರಿನ ನೇರ ವಿಮಾನ ಉತ್ತರ ಧ್ರುವದ ಮೇಲೆ ಹೋಯಿತೆಂದು ಓದಿದ್ದೆವು. ಅಷ್ಟು ಸುತ್ತು ಯಾಕೆ? ಮತ್ತು ಶನಿವಾರ ಹೊರಟರೆ ಸೋಮವಾರ ತಲುಪುವುದು ಹೇಗೆ 17 ಗಂಟೆಯಾಗುತ್ತದೆ? (ಮೈಸೂರು)

ಗೋಡೆಯ ನಕ್ಷೆಯನ್ನು ಪಕ್ಕಕ್ಕಿಟ್ಟು ಒಂದು ಗ್ಲೋಬು ತನ್ನಿ. ಬೆಂಗಳೂರಿನಲ್ಲಿ ದಾರದ ಒಂದು ತುದಿ ಹಿಡಿದು ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ತನಕ ಬಿಗಿಯಾಗಿ ಎಳೆಯಿರಿ. ದಾರ ಚೀನಾ, ಪೂರ್ವ ಸೈಬೀರಿಯಾದ ಮೇಲೆ ಹಾಯ್ದು ಸುಮಾರು 71 ಡಿಗ್ರಿ ಉತ್ತರದ ತನಕ ಏರಿ ಅಲ್ಲಿಂದ ಇಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ, 13,990 ಕಿ.ಮೀ. ಆಸುಪಾಸು. ಗುಂಡನ್ನು ಚಪ್ಪಟೆ ಹಾಳೆಗೆ ಹರಡುವಾಗ ಧ್ರುವದ ಕಡೆಯ ಪ್ರದೇಶವೆಲ್ಲ ಹಿಗ್ಗಿಬಿಡುತ್ತದೆ, ಅದಕ್ಕೇ ಉತ್ತರದ ದಾರಿ ಸುತ್ತಾಗಿ ಕಾಣುವುದು.

ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ನೇತೃತ್ವ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರದ್ದು, ವಿಮಾನ ಬೋಯಿಂಗ್ 777-200 ಎಲ್‌ಆರ್. ಅದು ಉತ್ತರ ಧ್ರುವದ ಮೇಲಿನಿಂದ ಬಂದು ಸುಮಾರು 16,000 ಕಿ.ಮೀ. ಕ್ರಮಿಸಿತು. ನೇರ ದಾರಿಗಿಂತ 2,000 ಹೆಚ್ಚು. ನಿಮ್ಮ ಪ್ರಶ್ನೆ ನಿಜವಾಗಿ ತಾಗುವುದು ಇಲ್ಲಿ: ದಾರದ ದಾರಿ ಇರುವಾಗ ಅದನ್ನು ಬಿಟ್ಟು ಹೋಗುವುದೇಕೆ?

ಒಂದು ಕಾರಣ ಗಾಳಿ. ಜನವರಿಯಲ್ಲಿ ಪೂರ್ವ ಏಷ್ಯಾ ಮತ್ತು ಪೆಸಿಫಿಕ್ ಮೇಲಿನ ಜೆಟ್ ಸ್ಟ್ರೀಮ್ ಲೋಕದಲ್ಲೇ ಅತಿ ಬಲವಾದವುಗಳಲ್ಲಿ ಒಂದು. ಅಮೆರಿಕದಿಂದ ಆ ಕಡೆಗೆ ಬರುವವರಿಗೆ ಅದು ಎದುರುಗಾಳಿ. ಇನ್ನೊಂದು ಕಾರಣ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತಾಗಿ ಹೋದರೆ 10,000 ಅಡಿಗೆ ಇಳಿಯಬೇಕು, ಯಾಕೆಂದರೆ ಪ್ರಯಾಣಿಕರ ಮುಖವಾಡದಲ್ಲಿ ಆಮ್ಲಜನಕ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷಕ್ಕಷ್ಟೇ ಇರುತ್ತದೆ. ಟಿಬೆಟ್ಟಿನ ನೆಲವೇ ಬಹುಪಾಲು 14,000 ಅಡಿಗಿಂತ ಮೇಲಿದೆ. ಇಳಿಯುವುದೆಲ್ಲಿಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿ ಹೋಗುತ್ತವೆ.

ಇದರ ಮೇಲೆ ದೇಶದೇಶಗಳ ಜಗಳ. ಪಾಕಿಸ್ತಾನ ತನ್ನ ಆಕಾಶವನ್ನು 2019ರ ಫೆಬ್ರವರಿ 27ರಿಂದ ಜುಲೈ 16ರ ತನಕ ಮುಚ್ಚಿತ್ತು. 2025ರ ಏಪ್ರಿಲ್ 24ರಂದು ಭಾರತೀಯ ಕಂಪನಿಗಳ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹಾರುವವರಿಗೆ ಇದರಿಂದ ದೊಡ್ಡ ಸುತ್ತು. ಬೆಂಗಳೂರು, ಮಂಗಳೂರಿನಿಂದ ಗಲ್ಫಿಗೆ ಹೋಗುವವರಿಗೆ ಅರಬ್ಬಿ ಸಮುದ್ರದ ದಾರಿ ಇರುವುದರಿಂದ ಹೆಚ್ಚು ತೊಂದರೆಯಿಲ್ಲ.

ಇನ್ನು ಶನಿವಾರ-ಸೋಮವಾರದ ಲೆಕ್ಕ. ಅದೇ ವಿಮಾನದ ವೇಳಾಪಟ್ಟಿಯನ್ನು ತೆಗೆದುಕೊಳ್ಳಿ: ಶನಿವಾರ ರಾತ್ರಿ 8.30ಕ್ಕೆ ಅಲ್ಲಿಂದ, ಸೋಮವಾರ ಬೆಳಗಿನ ಜಾವ 3.45ಕ್ಕೆ ಇಲ್ಲಿ. ಮೇಲ್ನೋಟಕ್ಕೆ 31 ಗಂಟೆ 15 ನಿಮಿಷ. ಜನವರಿಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಹೊರಟ ಸಮಯವನ್ನು ಭಾರತದ ಗಡಿಯಾರಕ್ಕೆ ತಂದರೆ ಭಾನುವಾರ ಬೆಳಗ್ಗೆ 10. ಅಲ್ಲಿಂದ ಸೋಮವಾರ 3.45ರ ತನಕ 17 ಗಂಟೆ 45 ನಿಮಿಷ. ಯಾವ ದೇಶಕ್ಕಾದರೂ ಹೀಗೇ ಮಾಡಿ: ಎರಡು ಸಮಯವನ್ನೂ ಒಂದೇ ಗಡಿಯಾರಕ್ಕೆ ತಂದುಕೊಂಡು ಆಮೇಲೆ ಕಳೆಯಿರಿ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿರುತ್ತಾರೆ, ಆಗ ವ್ಯತ್ಯಾಸ 12 ಗಂಟೆ 30 ನಿಮಿಷ. ಮಗಳನ್ನು ಕರೆತರಲು ಹೋಗುವವರು ತಾರೀಖನ್ನು ಎರಡು ಸಲ ನೋಡಿಕೊಳ್ಳಿ. ಬೆಳಗಿನ ಜಾವ 3.45 ಎಂದರೆ ಮನೆಯಿಂದ ಹೊರಡುವುದು ಹಿಂದಿನ ದಿನದ ರಾತ್ರಿ.

ಪ್ರಶ್ನೆ: ಕಡಿಮೆ ದರ ಸಿಕ್ಕಿತೆಂದು ಬರುವ ಟಿಕೆಟ್ಟು ಗೋವಾದ ದಾಬೋಳಿಗೆ, ಅಲ್ಲಿಂದ ಮುಂದಿನ ಟಿಕೆಟ್ಟು ಮೋಪಾದಿಂದ ಮಾಡಿಸಿದ್ದೇವೆ. ನಡುವೆ ಮೂರು ಗಂಟೆ ಇದೆ. ಎರಡರ ದೂರ 40 ಕಿ.ಮೀ. ಎಂದು ತೋರಿಸುತ್ತದೆ. ಸಾಕಲ್ಲವೇ? (ಕಾರವಾರ)

ಸಾಲದು. 40 ಕಿ.ಮೀ. ಕಾಗೆ ಹಾರಿದಷ್ಟು ದೂರ. ದಾಬೋಳಿ ಇರುವುದು ವಾಸ್ಕೊ ಪಕ್ಕದಲ್ಲಿ, ಮೋಪಾ ಇರುವುದು ಪೆಡ್ಣೆ ತಾಲ್ಲೂಕಿನ ಮಹಾರಾಷ್ಟ್ರ ಗಡಿಯಲ್ಲಿ. ನಡುವೆ ಜುವಾರಿ, ಮಾಂಡೋವಿ, ಶಾಪೋರಾ ಮೂರು ನದಿ. ದಾಬೋಳಿಯಿಂದ ಕುಠ್ಠಾಳಿ, ಜುವಾರಿ ಸೇತುವೆ, ಪಣಜಿ, ಮಾಂಡೋವಿ ಸೇತುವೆ, ಪರ್ವರಿ, ಮ್ಹಾಪ್ಸಾ ದಾಟಿ ಹೋಗಬೇಕು. ರಸ್ತೆಯಲ್ಲಿ 60 ಕಿ.ಮೀ.ಗೂ ಹೆಚ್ಚು. ದಾರಿ ಖಾಲಿ ಇದ್ದರೆ ಒಂದೂವರೆ ಗಂಟೆ, ಪಣಜಿ-ಪರ್ವರಿ ನಡುವೆ ಸಿಕ್ಕಿಬಿದ್ದರೆ ಎರಡು.

ಹಿಂದಿನಿಂದ ಲೆಕ್ಕ ಹಾಕಿ. ದೇಶದೊಳಗಿನ ವಿಮಾನಕ್ಕೆ ಬ್ಯಾಗು ಕೊಡುವ ಕೌಂಟರು ಸಾಮಾನ್ಯವಾಗಿ 60 ನಿಮಿಷ ಮುಂಚೆ ಮುಚ್ಚುತ್ತದೆ. ನಿಮ್ಮ ಮೂರು ಗಂಟೆಯಲ್ಲಿ ಉಳಿದದ್ದು ಎರಡು. ದಾಬೋಳಿಯಲ್ಲಿ ಇಳಿದು ಬ್ಯಾಗು ಸಿಗಲು 30 ನಿಮಿಷ, ಟ್ಯಾಕ್ಸಿ ಹಿಡಿದು ಹೊರಬೀಳಲು 10-15. ರಸ್ತೆಗೆ ಉಳಿದದ್ದು ಒಂದೂಕಾಲು ಗಂಟೆ. ವಿಮಾನ ಒಂದು ನಿಮಿಷವೂ ತಡವಾಗದಿದ್ದರೂ ತಪ್ಪುತ್ತದೆ. ಐದು ಗಂಟೆ ಇಟ್ಟುಕೊಂಡರೆ ನಿಶ್ಚಿಂತೆ. ಕೈಚೀಲ ಮಾತ್ರ ಇದ್ದು, ಬೋರ್ಡಿಂಗ್ ಪಾಸು ಮೊದಲೇ ತೆಗೆದುಕೊಂಡಿದ್ದರೆ ನಾಲ್ಕು.

ಎರಡು ಟಿಕೆಟ್ಟು ಬೇರೆ ಬೇರೆ ಮಾಡಿಸಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಯಾರ ಹೊಣೆಯೂ ಇಲ್ಲ. ಬ್ಯಾಗನ್ನೂ ನೀವೇ ಹೊತ್ತೊಯ್ಯಬೇಕು. ಟಿಕೆಟ್ಟು ಮಾಡಿಸುವಾಗ ಬರೀ 'ಗೋವಾ' ಎಂದು ನೋಡದೆ ಮೂರಕ್ಷರದ ಸಂಕೇತ ನೋಡಿ: ದಾಬೋಳಿ ಜಿಒಐ, ಮೋಪಾ ಜಿಒಎಕ್ಸ್. ಮೋಪಾದಿಂದ ವಿಮಾನ ಹಾರಲು ಶುರುವಾದದ್ದು 2023ರ ಜನವರಿಯಲ್ಲಿ. ಅದಕ್ಕೂ ಹಿಂದಿನ ರೂಢಿಯಲ್ಲಿ ಗೋವಾ ಎಂದರೆ ದಾಬೋಳಿಯೇ ಎಂದು ಕಾರವಾರದವರು ನೇರ ಅಲ್ಲಿಗೆ ಹೋಗಿಬಿಡುವುದುಂಟು. ನಿಮಗೆ ದಾಬೋಳಿ 90 ಕಿ.ಮೀ. ಸುಮಾರು, ಮೋಪಾ ಅದಕ್ಕಿಂತಲೂ ಸುಮಾರು 50 ಹೆಚ್ಚು. ದರದಲ್ಲಿ ಉಳಿದದ್ದು ಟ್ಯಾಕ್ಸಿಗೆ ಹೋಗುತ್ತದೆ.

ಲಂಡನ್ನಿನಲ್ಲಿ ಹೀಥ್ರೋದಲ್ಲಿ ಇಳಿದು ಗ್ಯಾಟ್‌ವಿಕ್‌ನಿಂದ ಹತ್ತುವವರೂ ಇದೇ ಬಲೆಗೆ ಬೀಳುತ್ತಾರೆ. ನೇರ ದೂರ ಅಲ್ಲೂ 41 ಕಿ.ಮೀ., ಊರಿನ ಸುತ್ತುರಸ್ತೆ ಎಂ-25ರ ಮೂಲಕ 65ರಿಂದ 70. ಬಸ್ಸಿಗೆ ಒಂದರಿಂದ ಒಂದೂವರೆ ಗಂಟೆ. ಆದರೆ ಅಲ್ಲಿನ ದೊಡ್ಡ ತೊಡಕು ರಸ್ತೆಯಲ್ಲ, ವೀಸಾ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವುದೆಂದರೆ ಬ್ರಿಟನ್ನಿನ ಗಡಿ ತಪಾಸಣೆ ದಾಟಿ ಹೊರಗೆ ಬರುವುದು. ಭಾರತದ ಪಾಸ್‌ಪೋರ್ಟಿನವರಿಗೆ ಅದಕ್ಕೆ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ವೀಸಾ ಇದ್ದವರಿಗೆ ಷರತ್ತಿನ ಮೇಲೆ ವಿನಾಯಿತಿ ಉಂಟು. ವೀಸಾ ಇಲ್ಲದಿದ್ದರೆ ಬೆಂಗಳೂರಿನ ಕೌಂಟರಿನಲ್ಲೇ ತಡೆಯುತ್ತಾರೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿನ ಜಯನಗರಕ್ಕೆ ತಿಂಗಳಿಗೆರಡು ಸಲ ಹೋಗಬೇಕು. ವಿಮಾನ ಒಂದೂಕಾಲು ಗಂಟೆ, ವಂದೇ ಭಾರತ್ ಆರು ಗಂಟೆ. ವಿಮಾನವೇ ಸರಿಯಲ್ಲವೇ? (ಹುಬ್ಬಳ್ಳಿ)

ಮನೆಯಿಂದ ಮನೆಗೆ ಕೂಡಿಸಿ ನೋಡಿ. ಗೋಕುಲ ರಸ್ತೆಯ ನಿಲ್ದಾಣಕ್ಕೆ ಊರೊಳಗಿನಿಂದ 25 ನಿಮಿಷ. ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು, 90. ಹಾರುವ ದೂರ 370 ಕಿ.ಮೀ., ಎಟಿಆರ್ ಆದರೆ 80 ನಿಮಿಷ. ಇಳಿದು ಬ್ಯಾಗು ಹಿಡಿದು ಹೊರಬರಲು 25. ದೇವನಹಳ್ಳಿಯಿಂದ ಜಯನಗರಕ್ಕೆ ಸುಮಾರು 45 ಕಿ.ಮೀ., ಸಂಜೆಯಾದರೆ ಕಡಿಮೆಯೆಂದರೂ 90 ನಿಮಿಷ. ಒಟ್ಟು 310 ನಿಮಿಷ, 5 ಗಂಟೆ 10 ನಿಮಿಷ.

ರೈಲಿನಲ್ಲಿ ನಿಲ್ದಾಣಕ್ಕೆ 20, ಕಾಯಲು 15, ಪ್ರಯಾಣ ಸುಮಾರು 6 ಗಂಟೆ, ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದು ಜಯನಗರಕ್ಕೆ ನಡಿಗೆ ಸೇರಿ 35. ಒಟ್ಟು ಏಳು ಗಂಟೆ ಹತ್ತು ನಿಮಿಷ. ಉಳಿಯುವುದು ಎರಡು ಗಂಟೆ, ನೀವು ಎಣಿಸಿದಂತೆ ನಾಲ್ಕೂಮುಕ್ಕಾಲು ಅಲ್ಲ. ಯಲಹಂಕ, ಹೆಬ್ಬಾಳದ ಕಡೆ ಹೋಗುವವರಿಗೆ ವಿಮಾನವೇ ಸರಿ ಎಂದು ಕಣ್ಣು ಮುಚ್ಚಿ ಹೇಳಬಹುದು. ಜಯನಗರಕ್ಕಾದರೆ ಆ ಎರಡು ಗಂಟೆಗೆ ಎಷ್ಟು ಕೊಡಲು ಸಿದ್ಧ ಎಂಬುದು ನಿಮ್ಮ ಜೇಬಿನ ವಿಷಯ. ಹೋಗುವುದು ರೈಲು, ಬರುವುದು ಬೆಳಗಿನ ಮೊದಲ ವಿಮಾನ ಎಂದು ಬೆರೆಸುವವರೂ ಇದ್ದಾರೆ. ಬೆಳಗ್ಗೆ ಐದಕ್ಕೆ ಬಳ್ಳಾರಿ ರಸ್ತೆ ಖಾಲಿ ಇರುತ್ತದೆ, 90 ನಿಮಿಷದ ದಾರಿ 60ಕ್ಕೆ ಇಳಿಯುತ್ತದೆ.

ಪ್ರಶ್ನೆ: ವಿಮಾನ ರದ್ದಾದರೆ ಸಿಗುವ ಪರಿಹಾರಕ್ಕೂ ಪ್ರಯಾಣದ ದೂರಕ್ಕೂ ಸಂಬಂಧ ಇದೆಯೇ? (ಶಿವಮೊಗ್ಗ)

ದೂರಕ್ಕಲ್ಲ, ಮೇಲೆ ಹೇಳಿದ ಬ್ಲಾಕ್ ಟೈಮಿಗೆ. ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ 24 ಗಂಟೆ ಮುಂಚೆಯೂ ತಿಳಿಸದೆ ರದ್ದು ಮಾಡಿದರೆ ಬ್ಲಾಕ್ ಟೈಮ್ ಒಂದು ಗಂಟೆಯ ತನಕ ಇರುವ ವಿಮಾನಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಗೆ 7,500, ಎರಡು ದಾಟಿದರೆ 10,000. ಆದರೆ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುತ್ತದೆ. ಟಿಕೆಟ್ಟಿನ ಹಣ ವಾಪಸು ಅಥವಾ ಬೇರೆ ವಿಮಾನ ಇದರ ಜೊತೆಗೆ ಪ್ರತ್ಯೇಕವಾಗಿ ಸಿಗುತ್ತದೆ. ಬೆಂಗಳೂರು-ಮಂಗಳೂರು ಒಂದು ಗಂಟೆ ಐದು ನಿಮಿಷ ಎಂದಿದ್ದರೆ ಎರಡನೇ ಸಾಲಿಗೆ ಬರುತ್ತದೆ, ಐದು ನಿಮಿಷಕ್ಕೆ ಎರಡೂವರೆ ಸಾವಿರದ ಬೆಲೆ! ಮಂಜು, ಮಳೆ, ಎಟಿಸಿ (ವಾಯು ಸಂಚಾರ ನಿಯಂತ್ರಣ) ತೊಂದರೆಯಂಥ ಕಂಪನಿಯ ಕೈಮೀರಿದ ಕಾರಣಕ್ಕೆ ಪರಿಹಾರವಿಲ್ಲ. ಮೊಬೈಲ್ ಸಂಖ್ಯೆ ಸರಿಯಾಗಿ ಕೊಡದಿದ್ದವರಿಗೂ ಇಲ್ಲ. ಏಜೆಂಟರು ತಮ್ಮದೇ ಸಂಖ್ಯೆ ಹಾಕಿಬಿಡುವುದುಂಟು, ನೋಡಿಕೊಳ್ಳಿ.

ತಡವಾದಾಗ ತಿಂಡಿ-ಊಟ ಕೊಡಬೇಕೆಂಬ ನಿಯಮಕ್ಕೂ ಅದೇ ಅಳತೆ. ಎರಡೂವರೆ ಗಂಟೆ ತನಕದ ವಿಮಾನ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದರ ತನಕದ್ದು ಮೂರು ಗಂಟೆ ತಡವಾದರೆ, ಉಳಿದದ್ದಕ್ಕೆ ನಾಲ್ಕು. ಬೆಂಗಳೂರು-ದೆಹಲಿ ಎರಡನೇ ಗುಂಪಿಗೆ ಬೀಳುತ್ತದೆ, ಅಲ್ಲಿ ಎರಡು ಗಂಟೆಗೇ ಕೌಂಟರಿನ ಹತ್ತಿರ ಜಗಳ ತೆಗೆದರೆ ಉಪಯೋಗವಿಲ್ಲ.

ಪ್ರಶ್ನೆ: ಸೀಟಿನ ಮುಂದಿನ ಪರದೆಯಲ್ಲಿ ವೇಗ 480 ನಾಟ್ ಎಂದು ತೋರಿಸುತ್ತಿತ್ತು. ಕಿ.ಮೀ.ಗೆ ತರುವುದು ಹೇಗೆ? ಕಿ.ಮೀ. ಇರುವಾಗ ಇದೇಕೆ? (ವಿದ್ಯಾರ್ಥಿನಿ, ರಾಯಚೂರು)

1.852ರಿಂದ ಗುಣಿಸು. 480 ನಾಟ್ ಎಂದರೆ ಗಂಟೆಗೆ 889 ಕಿ.ಮೀ. ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ರಸ್ತೆಯ ಮೈಲಿ 1.609 ಕಿ.ಮೀ., ಅದು ಬೇರೆ, ಬೆರೆಸಬೇಡ. ಇದನ್ನು ಬಿಡದಿರುವುದಕ್ಕೆ ಕಾರಣ, ಒಂದು ನಾಟಿಕಲ್ ಮೈಲಿ ಅಕ್ಷಾಂಶದ ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಸಮ. ನಕ್ಷೆಯ ಬದಿಯ ಗೆರೆಗಳೇ ಅಳತೆಪಟ್ಟಿಯಾಗುತ್ತವೆ. ಬೆಂಗಳೂರೂ ದೆಹಲಿಯೂ ಸುಮಾರು ಒಂದೇ ರೇಖಾಂಶದಲ್ಲಿವೆ, ಹಾಗಾಗಿ ಪರೀಕ್ಷಿಸುವುದು ಸುಲಭ. ದೇವನಹಳ್ಳಿ 13 ಡಿಗ್ರಿ 12 ನಿಮಿಷ, ದೆಹಲಿಯ ನಿಲ್ದಾಣ 28 ಡಿಗ್ರಿ 33 ನಿಮಿಷ. ವ್ಯತ್ಯಾಸ 15 ಡಿಗ್ರಿ 21 ನಿಮಿಷ, ಅಂದರೆ 921 ನಿಮಿಷ, 921 ನಾಟಿಕಲ್ ಮೈಲಿ. 1.852ರಿಂದ ಗುಣಿಸಿದರೆ 1,706 ಕಿ.ಮೀ. ಕಂಪ್ಯೂಟರು ಹೇಳುವುದಕ್ಕೂ ಇದಕ್ಕೂ ಐದಾರು ಕಿ.ಮೀ. ಅಷ್ಟೇ ವ್ಯತ್ಯಾಸ.